ಮೇಸ್ತ್ರಿಯ ಮನೆಗೆ ನೀರು ನುಗ್ಗಲಿಲ್ಲ

ಹೊಸ ಕೇರಿಯ ಹದಿಮೂರು ಮನೆಗಳಲ್ಲಿ ಹನ್ನೆರಡಕ್ಕೆ ಸಮುದ್ರ ನುಗ್ಗಿತು. ನುಗ್ಗದೆ ಉಳಿದದ್ದು ಮೇಸ್ತ್ರಿಯ ಮನೆ ಒಂದೇ. ಹದಿಮೂರನ್ನೂ ಕಟ್ಟಿದವನು ಅವನೇ. ಸಾಕಲ್ಲ ಜನಕ್ಕೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಹಾಗೆ ನೋಡಿದರೆ ಆ ಕೇರಿಗೆ ಸಮುದ್ರ ಬರಲೆಂದೇ ನಕ್ಷೆ ಬರೆದದ್ದು. ವರ್ಷ ವರ್ಷ ಏರುವ ಕಡಲಿಗೆ ಗೋಡೆ ಅಡ್ಡ ಇಡುವ ಹುಚ್ಚು ಬೇಡ; ದೊಡ್ಡ ಉಬ್ಬರದಲ್ಲಿ ನೀರು ಬೀದಿಗೆ ಬರಲಿ, ತಗ್ಗಿನ ಮೈದಾನದಲ್ಲಿ ಎರಡು ಗಂಟೆ ನಿಲ್ಲಲಿ, ಬಂದ ದಾರಿಯಲ್ಲೇ ಹೋಗಲಿ. ಮನೆಗಳು ಮಾತ್ರ ಎತ್ತರದಲ್ಲಿರಲಿ. ಇದು ನಕ್ಷೆಯಕ್ಕನ ಲೆಕ್ಕ. ನಗರಸಭೆಗೆ ನಕ್ಷೆ ಬರೆಯುವ ಆಕೆಯನ್ನು ಕೇರಿಯವರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಲೆಕ್ಕದ ಮೇಲೆ ಅವಳಿಗೆ ಎಂಥ ನಂಬಿಕೆಯೆಂದರೆ, ಸ್ವಂತ ಅಮ್ಮನನ್ನೇ ತಂದು ಮೂರನೆಯ ಮನೆಯಲ್ಲಿ ಇಟ್ಟಿದ್ದಳು. ಆ ಅಮ್ಮನ ಮಂಚದ ಕೆಳಗೆ ಮೊನ್ನೆ ಒಂದಡಿ ನೀರು, ನೀರಿನಲ್ಲಿ ತೇಲುವ ಚಪ್ಪಲಿ.

ಕೇರಿಯವರು ಸಭೆ ಸೇರಿದ್ದು ಎಲ್ಲಿ ಅಂತೀರಿ? ಮೇಸ್ತ್ರಿಯ ಮನೆಯಲ್ಲೇ! ಒಣ ನೆಲ ಬೇರೆಲ್ಲಿತ್ತು? ಅವನ ಚಾಪೆಯ ಮೇಲೆ ಕೂತು, ಅವನ ಹೆಂಡತಿ ಕೊಟ್ಟ ಚಹಾ ಕುಡಿದು, ಅವನನ್ನೇ ಬೈಯುತ್ತಿದ್ದರು.

"ನಮ್ಮನೆಗಳ ಪಾಯ ತಗ್ಗಿಸಿ, ತನ್ನ ಮನೆ ಎರಡೂವರೆ ಅಡಿ ಎತ್ತರಿಸ್ಕೊಂಡಿದಾನಲ್ರೀ!" ಎಂದ ಎದುರುಮನೆಯ ದರ್ಜಿ.

ಬಾಗಿಲ ಬಳಿ ನಿಂತಿದ್ದ ನಕ್ಷೆಯಕ್ಕ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಅವತ್ತು ಬೆಳಿಗ್ಗೆ ಕಚೇರಿಯಲ್ಲಿ ಎರಡು ಕಾಗದ ಪಕ್ಕಪಕ್ಕ ಇಟ್ಟಾಗಲೇ ಅವಳಿಗೆ ತನ್ನ ತಪ್ಪು ಕಂಡಿತ್ತು. ಬಂದರಿನವರ ಸೊನ್ನೆ ಬೇರೆ, ಸರ್ವೆಯವರ ಸೊನ್ನೆ ಬೇರೆ. ಬಂದರಿನವರು ಕಡಲು ಪೂರಾ ಇಳಿದ ಮಟ್ಟದಿಂದ ಎತ್ತರ ಅಳೆಯುತ್ತಾರೆ, ಸರ್ವೆಯವರು ಉಬ್ಬರ ಇಳಿತಗಳ ನಡುಮಟ್ಟದಿಂದ. ಎರಡಕ್ಕೂ ಎರಡೂವರೆ ಅಡಿ ಅಂತರ. ಅವಳ ನಕ್ಷೆ ಸರ್ವೆಯ ಸೊನ್ನೆಯದು. ದೋಣಿ ನಿಲ್ಲುವ ಕಟ್ಟೆಯ ಮೇಲಿನ ಅಳತೆಕಲ್ಲಿನಲ್ಲಿ ಕೊರೆದಿದ್ದ ಅಂಕಿ ಬಂದರಿನದು. ಸೊನ್ನೆ ಬೇರೆಯೆಂದು ನೋಡದೆ ಒಂದರಲ್ಲಿ ಒಂದನ್ನು ಕಳೆದು, ಕಲ್ಲಿಗಿಂತ ಎರಡೂವರೆ ಅಡಿ ಕೆಳಗೆ ನೆಲ ಹಾಕಿ ಎಂದಿದ್ದಳು.

ಮೇಸ್ತ್ರಿ ಅಂದೇ ಲೆವೆಲ್ ಪೈಪು ಹಿಡಿದು ತಲೆ ಕೆರೆದುಕೊಂಡಿದ್ದ. "ಅಕ್ಕಾ, ಕಟ್ಟೆ ಕಂಬಕ್ಕೆ ಚಿಪ್ಪು ಅಂಟಿರೋ ಎತ್ತರ ನೋಡಿದ್ರೆ ನೀರು ಅಲ್ಲೀವರೆಗೂ ಬರುತ್ತೆ, ಇದು ತಗ್ಗಾಯ್ತು. ಕಲ್ಲಿನ ಮಟ್ಟಕ್ಕೇ ಕಟ್ಟೋಣ."

ಅವಳು ನಕ್ಕಿದ್ದಳು. "ನಿಮ್ಮನೇನ ಬೇಕಾದ್ರೆ ಆಕಾಶದಲ್ಲಿ ಕಟ್ಕೊಳ್ಳಿ ಮೇಸ್ತ್ರಿ. ಲೆಕ್ಕ ನನಗೆ ಬಿಡಿ." ಕೆಲಸಗಾರರೆಲ್ಲ ನಕ್ಕಿದ್ದರು. ಓದಿದವಳ ಕೊಬ್ಬು, ಇನ್ನೇನು! ಆ ನಗು ನೆನಪಾಗಿ ಈಗ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನೀನೇನಂತೀಯಪ್ಪಾ?" ಯಾರೋ ಮೇಸ್ತ್ರಿಯನ್ನು ಕೇಳಿದರು. ಅವನು ತಲೆ ಎತ್ತಲಿಲ್ಲ. "ಅಕ್ಕ ಇದಾರಲ್ಲ, ಅವರೇ ಹೇಳ್ಲಿ."

ಎಲ್ಲರೂ ತಿರುಗಿದರು. "ಪರಿಶೀಲನೆ... ನಡೀತಾ ಇದೆ," ಅಂದಳು. ಥೂ, ಎಂಥ ಮಾತು! ಆಡಿದವಳಿಗೇ ಅಸಹ್ಯವಾಯಿತು.

ಒಳಗಿನ ಮಂಚದಿಂದ ಅವಳ ಅಮ್ಮನ ದನಿ ಬಂತು. "ಪರಿಶೀಲನೆ ಏನು ಬಂತು? ನನ್ನ ಮಗಳ ಕಾಗದ ಸರಿಯಾಗೇ ಇರುತ್ತೆ. ಇವನು ಕಳ್ಳ!" ಅಂದವರು ಕೂತಿದ್ದು ಮೇಸ್ತ್ರಿಯ ಮಂಚದ ಮೇಲೆ, ಹೊದ್ದಿದ್ದು ಅವನ ಹೆಂಡತಿಯ ಶಾಲು. ಮಗಳು ಆಗಲೂ ಸುಮ್ಮನಿದ್ದಳು.

"ಸರಿ ಬಿಡಿ," ದರ್ಜಿ ಎದ್ದ. "ಇನ್ನು ಕಟ್ಟಬೇಕಾಗಿರೋ ಎರಡನೇ ಸಾಲಿಗೆ ಬೇರೆ ಮೇಸ್ತ್ರಿ ನೋಡೋಣ. ನಕ್ಷೆ ಹೇಗೂ ಇದೆ. ನಾಳೆನೇ ಪಾಯ ತೋಡ್ಲಿ."

ಅದೇ ನಕ್ಷೆ! ಇನ್ನೂ ಹದಿಮೂರು ಮನೆ! ನಕ್ಷೆಯಕ್ಕ ಬಾಗಿಲಿಗೆ ಅಡ್ಡ ಬಂದಳು. "ತೋಡ್ಬೇಡಿ," ಎಂದಳು. "ತಪ್ಪು ನನ್ನದು. ಎರಡು ಸೊನ್ನೆ ಕಲಸಿಬಿಟ್ಟೆ. ಮೇಸ್ತ್ರಿ ಅವತ್ತೇ ಹೇಳಿದ್ರು, ನಾನು ನಕ್ಕುಬಿಟ್ಟೆ. ಅವರ ಮನೆ ಇರೋ ಮಟ್ಟನೇ ಸರಿ."

ಎದ್ದಿದ್ದ ದರ್ಜಿ ಮತ್ತೆ ಕೂತ.

ಆಗ ಮೇಸ್ತ್ರಿ ಬಾಯಿಬಿಟ್ಟ. "ನಾನೇನು ಸಾಚಾ ಅಲ್ಲಕ್ಕ. ತಗ್ಗು ಅಂತ ಗೊತ್ತಿದ್ದೂ ಹನ್ನೆರಡು ಮನೆ ಕಟ್ಟಿದವನು ನಾನೇ. ಇನ್ನೊಂದು ಸಲ ಹೇಳಿದ್ರೆ ಮತ್ತೆ ನಗ್ತೀರ ಅಂತ ಸುಮ್ಮನಾದೆ. ನನ್ನದೊಂದನ್ನ ಎತ್ತರಿಸ್ಕೊಂಡೆ. ಅದಕ್ಕೇ ಇವರು ಬೈದಾಗ ಎದುರು ಮಾತಾಡೋಕೆ ಮುಖ ಇರ್ಲಿಲ್ಲ."

ತಪ್ಪು ಲೆಕ್ಕ ಹಾಕಿದ್ದು ಅವಳು, ಮುಖ ತಗ್ಗಿಸಿ ಬೈಸಿಕೊಂಡಿದ್ದು ಅವನು.

ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಶಾಲು ತೆಗೆದು ಮಡಚಿ ಮೇಸ್ತ್ರಿಯ ಹೆಂಡತಿಯ ಕೈಗಿಟ್ಟರು.

"ಯಾವಾಗ ಗೊತ್ತಾಯ್ತು ನಿನಗೆ?" ಮಗಳನ್ನು ಕೇಳಿದರು.

"ಇವತ್ತು ಬೆಳಿಗ್ಗೆ ಅಮ್ಮ."

"ಹಾಗಾದ್ರೆ, ನಾನು ಈಗ ಇವನನ್ನ ಕಳ್ಳ ಅಂದೆನಲ್ಲ, ಆಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು ಅಮ್ಮ."

"ಲೆಕ್ಕ ಯಾರಿಗೂ ತಪ್ಪುತ್ತೆ ಕಣೇ," ಅಂದರು ಅಮ್ಮ. "ನನ್ನ ಕೈಲಿ ಆ ಮಾತು ಯಾಕೆ ಆಡಿಸ್ದೆ?"