ಗುಳ್ಳೆಯ ಬಾಲ

ಬಂಡೆರಾಯನಿಗೆ ಭುಜ ಕೊಟ್ಟು ರೈಲು ನಿಲ್ಲಿಸುವ ತಾಕತ್ತಿತ್ತು. ಅವನನ್ನು ಹುಟ್ಟಿಸಿದ ಕಥೆಗಾರನಿಗೆ ಮಾತ್ರ ಸಂಪಾದಕರ ಎದುರು ನೆಟ್ಟಗೆ ಕೂರುವ ತಾಕತ್ತೂ ಇರಲಿಲ್ಲ. ಪ್ರತಿ ಸಂಚಿಕೆ ಅಂಗಡಿಗೆ ಹೋಗಿ ವಾರವಾದ ಮೇಲೆ ಆ ಕಾಮಿಕ್ಸ್ ಕಚೇರಿಯಲ್ಲೊಂದು ಪದ್ಧತಿ. ಸಂಪಾದಕರು ಬಿಳಿ ಹಲಗೆಯ ನಡುವೆ ಗೆರೆ ಎಳೆದು, ಎಡಕ್ಕೆ ಗೆದ್ದದ್ದು, ಬಲಕ್ಕೆ ಬಿದ್ದದ್ದು ಬರೆಯುತ್ತಿದ್ದರು. ಓದುಗರು ಹೊಗಳಿದ್ದು, ಅಂಗಡಿಯವರು ಗೊಣಗಿದ್ದು, ಎಲ್ಲವೂ ಅಲ್ಲಿಗೆ ಬರಬೇಕು.

ಈ ಸಲ ಬಲಗಡೆ ತುಂಬಿ ಹೋಗಿತ್ತು. ಅರ್ಧ ಸಂಚಿಕೆ ಬರೀ ಗುದ್ದಾಟ. ಸೇತುವೆ ಯಾಕೆ ಮುರಿದುಬಿತ್ತೋ ಆ ದೇವರಿಗೇ ಗೊತ್ತು. ಬಂಡೆರಾಯ ಹೊಡೆಯುವುದಕ್ಕಿಂತ ಬುದ್ಧಿ ಹೇಳುವುದೇ ಜಾಸ್ತಿ. ಎಡಕ್ಕೆ ಇದ್ದದ್ದು ಒಂದೇ, ಬಣ್ಣ ಚೆನ್ನಾಗಿದೆ ಅಂತ. ಅದರಲ್ಲಿ ಕಥೆಗಾರನದ್ದೇನೂ ಇಲ್ಲವಲ್ಲ. ಅವನು ಚಹಾ ಲೋಟದ ತಳ ನೋಡುತ್ತಾ ಕೂತ.

"ಆದ್ರೆ ಆ ಕೊನೇ ಪುಟ," ಎಂದರು ಸಂಪಾದಕರು. "ಎಲ್ಲರೂ ಅದನ್ನೇ ಹೇಳ್ತಿದಾರೆ ಕಣಯ್ಯ. ಒಬ್ಬರಿಗಂತೂ ಓದಿ ಅಳು ಬಂತಂತೆ."

ಕಥೆಗಾರ ತಬ್ಬಿಬ್ಬಾದ. ಅಳುವಂಥದ್ದು ಅವನೇನೂ ಬರೆದಿರಲಿಲ್ಲ. ಮುರಿದ ಸೇತುವೆಯ ತುದಿಯಲ್ಲಿ ಬಂಡೆರಾಯ ಗೆದ್ದು ನಿಂತಿರುತ್ತಾನೆ. ಕಾಲಬುಡದಲ್ಲಿ ಶತ್ರು ಮಸಿಮುಖ ಬಿದ್ದಿರುತ್ತಾನೆ. ಬಂಡೆರಾಯ ತನ್ನ ಚಾಳಿಯಂತೆ ಬುದ್ಧಿ ಹೇಳುತ್ತಾನೆ: "ಅಮ್ಮ ಕಾಯ್ತಿರ್ತಾಳೆ, ಮನೆಗೆ ಹೋಗು." ಇಷ್ಟಕ್ಕೆ ಯಾರಾದರೂ ಅಳುತ್ತಾರೆಯೇ?

ಸಂಚಿಕೆ ಎಳೆದುಕೊಂಡು ನೋಡಿದ. ಮಾತು ಅದೇ, ಮಾತಿನ ಸುತ್ತ ಗುಳ್ಳೆಯೂ ಇದೆ. ಆದರೆ ಗುಳ್ಳೆಗೊಂದು ಬಾಲ ಇರುತ್ತದಲ್ಲ, ಇದು ಇವನಾಡಿದ ಮಾತು ಎಂದು ಬಾಯಿಯ ಕಡೆ ತೋರಿಸುವ ಚೂಪು ಬಾಲ, ಅದು ಮೇಲಿನ ಬಂಡೆರಾಯನನ್ನು ಬಿಟ್ಟು ಕೆಳಗಿನ ಮಸಿಮುಖನ ಬಾಯಿಗೆ ಇಳಿದಿತ್ತು. ಸೋತು ಬಿದ್ದವನು ಗೆದ್ದವನಿಗೆ ಹೇಳುತ್ತಿದ್ದ, ಅಮ್ಮ ಕಾಯ್ತಿರ್ತಾಳೆ, ಮನೆಗೆ ಹೋಗು. ಅಚ್ಚಿಗೆ ಕಳಿಸುವ ಮುಂಚೆ ಕಥೆಗಾರ ಈ ಪುಟ ನೋಡಿರಲಿಲ್ಲ ಅಂತಲ್ಲ. ಮಾತು ಓದಿದ್ದ. ಬಾಲ ಯಾರು ನೋಡುತ್ತಾರೆ?

"ಅವರಿಬ್ಬರೂ ಅಣ್ಣತಮ್ಮಂದಿರು ಅನ್ನೋದನ್ನ ಒಂದೇ ಮಾತಲ್ಲಿ ಹೇಳಿಬಿಟ್ಟೆಯಲ್ಲ," ಎಂದರು ಸಂಪಾದಕರು. "ಯೋಚನೆ ಮಾಡೇ ಬರೆದದ್ದು ತಾನೆ?"

ಬಿಸಿ ತುಪ್ಪ ಬಾಯಿಗೆ ಬಿತ್ತು ನೋಡಿ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಚಿತ್ರಗಳ ಮೇಲೆ ಮಾತು, ಗುಳ್ಳೆ ಬರೆಯುವವಳು ಅವನ ಸ್ವಂತ ಅಕ್ಕ. ಹಿಂದಿನ ಸಂಚಿಕೆಯಲ್ಲಿ ಒಂದು ಗುಳ್ಳೆಯನ್ನೇ ಬಿಟ್ಟಿದ್ದಕ್ಕೆ, ಇನ್ನೊಂದು ತಪ್ಪಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಇದೇ ಸಂಪಾದಕರು ಹೇಳಿದ್ದರು. ಇದು ತಪ್ಪು ಎಂದರೆ ಅಕ್ಕನ ಕೆಲಸಕ್ಕೆ ಕುತ್ತು. ನನ್ನದೇ ಎಂದರೆ, ಯಾರೋ ಹೆತ್ತ ಕೂಸಿಗೆ ತಾನು ಅಪ್ಪನೆಂದು ಮೆರೆದಂತೆ.

"ನಮ್ಮನೇಲೇ ಹುಟ್ಟಿದ್ದು ಸಾರ್," ಎಂದ. ಅದು ಸುಳ್ಳೋ ನಿಜವೋ ಅವನಿಗೇ ತಿಳಿಯಲಿಲ್ಲ. ಸಂಪಾದಕರು ಎಡಗಡೆ ದಪ್ಪಕ್ಷರದಲ್ಲಿ "ಕೊನೆಯ ಪುಟ" ಎಂದು ಬರೆದು, "ಮುಂದಿನದರಲ್ಲಿ ಅವರಮ್ಮನ್ನ ತೋರಿಸು. ಇಲ್ಲದಿದ್ರೆ ಬಂಡೆರಾಯನ ಅಂಗಡಿ ಮುಚ್ಚೋದೇ," ಎಂದರು.

ಮನೆಗೆ ಬಂದಾಗ ಅಕ್ಕ ಕಿಟಕಿಯ ಮೇಜಿನಲ್ಲಿ ಪೆನ್ನಿನ ಮೊನೆ ತೊಳೆಯುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಇವನನ್ನು ಸಾಕಿ ದೊಡ್ಡವನನ್ನು ಮಾಡಿದವಳು ಅವಳೇ. ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದ ಸಿಟ್ಟು ಅವಳ ಮಸಿ ಬೆರಳು ಕಂಡದ್ದೇ ಎಲ್ಲೋ ಜಾರಿಹೋಯಿತು.

"ಅಕ್ಕ, ಕೊನೇ ಮಾತು ಬಂಡೆರಾಯನದ್ದು. ನೀನು ಮಸಿಮುಖಂಗೆ ಬಾಲ ಹಾಕಿದೀಯ."

ಅಕ್ಕ ಕನ್ನಡಕ ಹಾಕಿಕೊಂಡು ಹಸ್ತಪ್ರತಿ ತೆಗೆದಳು. ಮಾತಿನ ಪಕ್ಕ ಬಂಡೆರಾಯನ ಹೆಸರು ಕಣ್ಣಿಗೆ ಹೊಡೆಯುವ ಹಾಗಿತ್ತು. ಅವಳ ಮುಖ ಸಪ್ಪಗಾಯಿತು.

"ಹೌದಲ್ಲೋ. ಹೋಯ್ತಾ ನನ್ನ ಕೆಲಸ?"

"ಇಡೀ ಸಂಚಿಕೇಲಿ ಚೆನ್ನಾಗಿರೋದು ಅದೊಂದೇ ಅಂತೆ."

"ತಲೆಗಿಲೆ ಕೆಟ್ಟಿದ್ಯಾ ಅವರಿಗೆ?"

"ನಂಗೂ ಕೆಟ್ಟಿದೆ. ನಿಜ ಹೇಳು, ಬೇಕಂತ ಮಾಡಿದ್ಯಾ?"

ಅಕ್ಕ ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಗೊತ್ತಿಲ್ಲ ಕಣೋ. ಗೆದ್ದೋನು ಯಾಕೆ ಮನೆ ಮಾತಾಡ್ತಾನೆ? ಮನೆ ನೆನಪಾಗೋದು ಬಿದ್ದೋರಿಗೆ ತಾನೆ. ಕೈ ಹಂಗೇ ಹೋಗಿರ್ಬೇಕು." ಆಮೇಲೆ ಮೆಲ್ಲಗೆ ಅಂದಳು, "ಆ ಗುಳ್ಳೆ ಬಿಟ್ಟಿದ್ದಕ್ಕೆ, ನಿನ್ನಿಂದ ನನ್ನ ಕಥೆ ಕೆಡ್ತಿದೆ ಅಂತ ಬಾಗಿಲು ಬಡಿದು ಹೋದ್ಯಲ್ಲ, ಆವತ್ತು ಬರೆದ ಪುಟ ಇದು. ನೀನು ಊಟಕ್ಕೂ ಬರ್ಲಿಲ್ಲ."

ಕಥೆಗಾರನಿಗೆ ನಾಚಿಕೆಯಾಯಿತು. ಕಥೆ ಯಾರದ್ದು, ತಪ್ಪು ಯಾರದ್ದು, ಒಂದರ ತಲೆಬುಡವೂ ಹತ್ತಲಿಲ್ಲ.

ಬೆಳಿಗ್ಗೆ ಹೋಗಿ ಸಂಪಾದಕರಿಗೆ ಇದ್ದದ್ದು ಇದ್ದಂತೆ ಹೇಳಿದ. ಅವರು "ಕೊನೆಯ ಪುಟ" ಅಳಿಸಿ ಬಲಕ್ಕೆ ಬರೆದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಮತ್ತೆ ಅಳಿಸಿ ಎಡಕ್ಕೆ ಬರೆದರು. "ತಪ್ಪು ಅಂದ್ಮೇಲೆ ಗೆದ್ದದ್ದು ಹೆಂಗಾಗುತ್ತೆ? ಗೆದ್ದಿದೆ ಅಂದ್ಮೇಲೆ ತಪ್ಪು ಹೆಂಗಾಗುತ್ತೆ? ನೀನೇ ಹೇಳಯ್ಯ, ಎಲ್ಲಿ ಬರೀಲಿ?"

"ಗೊತ್ತಿಲ್ಲ ಸಾರ್. ಆದ್ರೆ ಗುಳ್ಳೆ ಬರೆಯೋಕೆ ಅಕ್ಕ ಇಲ್ಲ ಅಂದ್ರೆ, ಕಥೆ ಬರೆಯೋಕೆ ನಾನೂ ಇಲ್ಲ."

ಸಂಪಾದಕರು ಡಸ್ಟರ್ ಕೆಳಗಿಟ್ಟು, "ಅಮ್ಮನ್ನ ತೋರಿಸೋದು ಮರೀಬೇಡ," ಎಂದು ಎದ್ದುಹೋದರು.

ಮುಂದಿನ ಸಂಚಿಕೆಯ ಹಸ್ತಪ್ರತಿಯನ್ನೂ ಚಿತ್ರದ ಹಾಳೆಗಳನ್ನೂ ಅವನು ಅಕ್ಕನ ಮೇಜಿನ ಮೇಲಿಟ್ಟ. ಕೊನೆಯ ಪುಟದಲ್ಲಿ ಅಡುಗೆಮನೆ, ಅಮ್ಮ, ಇಬ್ಬರು ಮಕ್ಕಳು.

"ಇದೇನೋ, ಯಾರ ಮಾತು ಯಾವುದು ಅಂತ ಬರೆದೇ ಇಲ್ಲ?" ಎಂದಳು ಅಕ್ಕ.

"ನೀನೇ ನೋಡಿ ಹಾಕು."

ಅವಳು ಒಂದೊಂದೇ ಮಾತಿನ ಮೇಲೆ ಬೆರಳಿಡುತ್ತಾ ಬಂದು ಒಂದು ಕಡೆ ನಿಂತಳು. "ಈ 'ತಪ್ಪಾಯ್ತು, ಊಟಕ್ಕೆ ಬಂದೆ' ಅನ್ನೋದು? ಇದೂ ನಾನೇ ಹಾಕ್ಲಾ?"

ಅವನು ಕಿಟಕಿಯ ಕಡೆ ತಿರುಗಿದ. "ಅದೊಂದು ನನ್ನದು ಅಕ್ಕ."

ಅಕ್ಕ ಪೆನ್ನನ್ನು ಮಸಿಗೆ ಅದ್ದಿ, ಆ ಮಾತಿಗೆ ಗುಳ್ಳೆ ಬರೆದು, ಅದರ ಬಾಲವನ್ನು ಗೆದ್ದು ಬಂದವನ ಬಾಯಿಗೇ ಇಳಿಸಿದಳು.