ಏಣಿ ಹಿಡಿದ ಕೈ

ಬೇಡಕಿಹಾಳದ ರಸ್ತೆಗೆ ಹೊಂದಿಕೊಂಡ ಕಬ್ಬಿನ ಹೊಲದ ನಡುವೆ ಭಾವುಸಾಹೇಬರು ಫಾರ್ಮ್‌ಹೌಸ್ ಕಟ್ಟಿಸಿ, ಅದರಂಗಳದಲ್ಲಿ ಒಂದು ಈಜುಕೊಳವನ್ನೂ ಮಾಡಿಸಿದರು. ಬಾವಿಗೆ ಹಾರಿ ಈಜು ಕಲಿತ ಊರು ಅದು. ಫರಸಿಕಲ್ಲು ಹಾಸಿದ ಕೊಳದ ನೀರು ಯಾರಿಗೆ ಬೇಕೋ ಎಂದು ನಕ್ಕವರೇ ಮುಂದೆ ದುಡ್ಡು ಕೊಟ್ಟು ಮಕ್ಕಳನ್ನು ಕರೆತಂದರು. ಕೊಳ ನೋಡಿಕೊಳ್ಳುವ ಕೆಲಸ ಉಜ್ವಲಾಳದು. ಜಾಳಿಗೆಯಿಂದ ಎಲೆ ತೆಗೆಯಬೇಕು, ನೀರಿಗೆ ಔಷಧ ಹಾಕಬೇಕು, ಸಂಜೆಗೆ ದೀಪ ಹಚ್ಚಬೇಕು. ಹಿಂದಿನ ಖೋಲಿಯೇ ಅವಳ ಮನೆ. ಗಂಡ ಇಚಲಕರಂಜಿಯಲ್ಲಿ ಇನ್ನೊಂದು ಸಂಸಾರ ಹೂಡಿ ವರ್ಷಗಳೇ ಆಗಿದ್ದವು. ಇಂಥ ಹೆಂಗಸಿನ ಬಗ್ಗೆ ಊರು ಬೇಕಾದಷ್ಟು ಮಾತಾಡುತ್ತದೆ, ಅವಳ ಹತ್ತಿರ ಬಂದು ಮಾತ್ರ ಕೂರುವುದಿಲ್ಲ.

ಹೊತ್ತು ಮುಳುಗುವಷ್ಟರಲ್ಲಿ ಬಂದವರೆಲ್ಲ ಹೋಗಿಬಿಡುತ್ತಿದ್ದರು. ಆಗ ಅವಳು ನೀರೊಳಗಿನ ದೀಪ ಹಚ್ಚುವಳು. ರಸ್ತೆಯ ಕಾರಿನವರಿಗೆ ಕೊಳ ನೀಲಿಯಾಗಿ ಕಾಣಬೇಕು, ಕಂಡು ನಾಳೆ ಬರಬೇಕು ಎಂಬುದು ಸಾವಕಾರ ಭಾವುಸಾಹೇಬರ ಉಪಾಯ. ಯಾರೂ ಇಲ್ಲದ ಆ ನೀಲಿ ನೀರಿಗೆ ಉಜ್ವಲಾ ಇಳಿಯುತ್ತಿದ್ದಳು. ದಿನದಲ್ಲಿ ಅವಳ ಸುಖ ಅದೊಂದೇ.

ಮಳೆಗಾಲದಲ್ಲಿ, ದೀಪ ಹಚ್ಚಿದೊಡನೆ, ಕರೆಂಟು ಎಲ್ಲಾದರೂ ಸೋರಿದರೆ ತಾನೇ ಬೀಳುವ ಟ್ರಿಪ್ ಸ್ವಿಚ್ ಬೀಳತೊಡಗಿತು. ಎತ್ತಿದರೆ ಮತ್ತೆ ಬೀಳುವುದು. ಮೋಟರ್ ರಿಪೇರಿ ಮಾಡುವ ಸಿದ್ದಲಿಂಗನನ್ನು ಕರೆಸಿದರು. ಕಬ್ಬಿನ ಸೀಮೆಯಲ್ಲಿ ಬೀಳುವ ಸ್ವಿಚ್ಚು ಎಂದರೆ ವೈರಿ. ಇರುವಷ್ಟು ಹೊತ್ತಿನ ಕರೆಂಟಿನಲ್ಲಿ ಅದು ಬಿದ್ದರೆ ನೀರು ನಿಂತು ಬೆಳೆ ಒಣಗುತ್ತದೆ. ಅದಕ್ಕೇ ಪಂಪ್‌ಸೆಟ್ಟುಗಳಲ್ಲಿ ಅದನ್ನು ಕಿತ್ತು ವೈರು ನೇರ ಜೋಡಿಸುವುದು ರೂಢಿ. ಸಿದ್ದಲಿಂಗ ಇಲ್ಲಿಯೂ ಅದನ್ನೇ ಮಾಡಿದ.

"ಡೈರೆಕ್ಟ್ ಮಾಡೇನಿ ಅಕ್ಕಾ. ಇನ್ನ ಬೀಳಂಗಿಲ್ಲ."

ಅದು ಬೀಳುತ್ತಿದ್ದುದು ಯಾಕೆ ಎಂದು ಅವನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅಳುವ ಕೂಸಿನ ಬಾಯಿ ಮುಚ್ಚಿದರೆ ಹೊಟ್ಟೆನೋವು ಹೋಗುತ್ತದೆಯೇ?

ಅಂದು ಸಂಜೆ ನೀರಿನಿಂದ ಮೇಲೇಳುವಾಗ ಉಕ್ಕಿನ ಏಣಿ ಹಿಡಿದಳು. ಅಂಗೈ ಝುಮ್ ಎಂದಿತು. ಅದು ಕರೆಂಟು ಎಂದು ಅವಳಿಗೆ ಗೊತ್ತಾಗಲಿಲ್ಲವೇ? ಚೆನ್ನಾಗಿಯೇ ಗೊತ್ತಾಯಿತು. ಒದ್ದೆ ಮೋಟರಿನ ಡಬ್ಬಿ ಮುಟ್ಟಿ, ಝುಮ್ ಎಂದರೆ ನಕ್ಕು, ಚಪ್ಪಲಿ ಮೆಟ್ಟಿಕೊಂಡು ಕೆಲಸ ಮುಂದುವರಿಸುವ ಜನರ ನಡುವೆ ಬೆಳೆದವಳು ಅವಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಹೇಳಲಿಲ್ಲ. ಹೇಳಿದರೆ ಕೊಳ ಬಂದ್ ಮಾಡುತ್ತಾರೆ ಎಂಬುದು ಬರೀ ನೆಪ. ವರ್ಷಕ್ಕೊಮ್ಮೆ ಬಳೆ ಏರಿಸುವ ಬಳೆಗಾರ್ತಿಯನ್ನು ಬಿಟ್ಟರೆ ಆ ಕೈಯನ್ನು ಯಾರೂ ಹಿಡಿದಿರಲಿಲ್ಲ, ನಿಜ ಸಂಗತಿ ಅದು. ಈಗ ಏಣಿ ಹಿಡಿದರೆ ಅತ್ತ ಕಡೆಯಿಂದಲೂ ಯಾರೋ ಹಿಡಿದಂತಾಗುತ್ತಿತ್ತು. ದಿನಾ ಸಂಜೆ ಹಾಗೆ ಹಿಡಿದು ಸ್ವಲ್ಪ ಹೊತ್ತು ನಿಲ್ಲತೊಡಗಿದಳು. ಹುಚ್ಚಿ ಅನ್ನಿ ಬೇಕಾದರೆ. ಹಸಿದ ಹೊಟ್ಟೆಗೆ ಹಳಸಿದ್ದೂ ರುಚಿ.

ದೀಪಾವಳಿ ಕಳೆದ ಮೇಲೆ ಭಾವುಸಾಹೇಬರ ಮೊಮ್ಮಗಳು ಕಾಜಲಳ ಹುಟ್ಟುಹಬ್ಬ ಬಂತು. ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತಿಡುವಂತಿಲ್ಲ. ಭಾವುಸಾಹೇಬರ ಹೆಂಡತಿ ಚಂದ್ರಮತಿ ಬಿಸಿಲಿರುವಾಗಲೇ ಮಕ್ಕಳನ್ನೆಲ್ಲ ಊಟಕ್ಕೆ ಕೂರಿಸಿದರು.

"ಮೊದಲ ಊಟಾ ಮುಗಸ್ರಿ. ಈಜೂದು ಆಮ್ಯಾಲ."

ಹೀಗಾಗಿ, ಎಂದೂ ಇಲ್ಲದ್ದು, ದೀಪ ಹೊತ್ತುವ ವೇಳೆಗೆ ಮಕ್ಕಳು ನೀರಿಗಿಳಿಯುವಂತಾಯಿತು.

"ಉಜ್ವಲಾ, ಲೈಟ್ ಹಚ್ಚ," ಎಂದರು ಭಾವುಸಾಹೇಬರು.

ಸ್ವಿಚ್ಚಿನ ಮೇಲೆ ಅವಳ ಬೆರಳು ನಿಂತಿತು. ಹೇಳಿಬಿಡಬೇಕು ಎನ್ನಿಸಿತು. ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ಅವಳಲ್ಲಿದ್ದ ಉತ್ತರ ನಾಲ್ಕು ಜನರ ಎದುರು ಆಡುವಂಥದ್ದಲ್ಲ. ನನಗೇನೂ ಆಗಿಲ್ಲವಲ್ಲ ಎಂದುಕೊಂಡು ಹಚ್ಚಿದಳು.

ಕಾಜಲ್ ಎಲ್ಲರಿಗಿಂತ ಮುಂದೆ ಓಡಿ ಏಣಿ ಹಿಡಿದು, ಒಂದು ಕಾಲನ್ನು ನೀರಿಗಿಟ್ಟಳು.

"ಮಾವಶಿ! ಏಣಿ ಗುದಗುಲ್ಯಾ ಮಾಡಾಕತ್ತೈತಿ!" ಎಂದು ಉಜ್ವಲಾಳನ್ನು ಕೂಗಿ ಕೇಕೆ ಹಾಕಿದಳು.

ಉಳಿದ ಮಕ್ಕಳು "ನನಗ, ನನಗ" ಎನ್ನುತ್ತ ಕಚಗುಳಿಯ ಆಸೆಗೆ ಮುಗಿಬಿದ್ದರು. ಉಜ್ವಲಾ ಏಣಿಯತ್ತ ಚಾಚಿದ ಕೈಗಳನ್ನು ನೋಡಿದಳು. ಆ ಬೆರಳುಗಳು ಎಷ್ಟು ಸಣ್ಣವು! ಓಡಿದಳು. ಪಂಪ್ ಖೋಲಿಯ ಮೇನ್ ಸ್ವಿಚ್ ಎಳೆದು ಕೆಡವಿ, ಅಲ್ಲಿಂದಲೇ ಚೀರಿದಳು:

"ಯಾರೂ ನೀರಾಗ ಇಳೀಬ್ಯಾಡ್ರಿ! ಏಣಿ ಮುಟ್ಟಬ್ಯಾಡ್ರಿ!"

ಮಸುಕು ಬೆಳಕಿನಲ್ಲಿ ಭಾವುಸಾಹೇಬರು ಎದ್ದು ಬಂದರು. "ಏನಾತ ಬೇ?"

"ನೀರಾಗ ಕರೆಂಟ್ ಐತ್ರಿ, ಸಾವಕಾರ್ರ."

"ನಿನಗ ಹೆಂಗ ಗೊತ್ತ?"

"ದಿನಾ... ಕೈಗೆ ಹತ್ತತಿತ್ರಿ."

"ದಿನಾ? ಮತ್ತ ಬಾಯಿ ಸತ್ತಿತ್ತೇನ ನಿಂದು?"

ಅತ್ತ ಚಂದ್ರಮತಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಅಂಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಉಜ್ಜುತ್ತಿದ್ದರು. ಉಜ್ವಲಾ ಅದನ್ನೇ ನೋಡುತ್ತ ನಿಂತಳು.

ಮುಂದಿನ ವಾರ ಕೊಲ್ಹಾಪುರದಿಂದ ಈಜುಕೊಳದ ಕೆಲಸದವರು ಬಂದರು. ದೀಪದ ಗಾಜಿನೊಳಗೆ ನೀರು ತುಂಬಿತ್ತು. ಅದನ್ನು ಕಿತ್ತು, ಹನ್ನೆರಡು ವೋಲ್ಟಿನ ಹೊಸ ದೀಪ ಕೂರಿಸಿದರು. ಏಣಿಯಿಂದ ಅರ್ಥಿಂಗಿಗೆ ತಾಮ್ರದ ತಂತಿ ಎಳೆದರು. ಟ್ರಿಪ್ ಸ್ವಿಚ್ ಮತ್ತೆ ಬಂತು. ಸಿದ್ದಲಿಂಗ ಕೈಕಟ್ಟಿ ನೋಡುತ್ತ ನಿಂತಿದ್ದ.

"ಇದರ ಟೆಸ್ಟ್ ಬಟನ್ ಒತ್ತಿ ನೋಡಕೋಂತ ಇರ್ರಿ," ಎಂದು ಬಂದವರು ಉಜ್ವಲಾಳಿಗೆ ತೋರಿಸಿದರು. "ಸ್ವಿಚ್ ಬೀಳಬೇಕು. ಬಿದ್ದರ ಛಲೋ."

ಮಕ್ಕಳನ್ನು ಉಳಿಸಿದಳು ಎಂದು ಊರಲ್ಲಿ ಕೆಲವರು ಹೊಗಳಿದರು, ಕೊಲ್ಲಲು ಹೊರಟಿದ್ದಳು ಎಂದು ಕೆಲವರು ಬೈದರು. ಎರಡೂ ನಿಜವೇ. ಹೇಗೋ, ಕೆಲಸ ಉಳಿಯಿತು.

ರಿಪೇರಿ ಮುಗಿದ ದಿನ ಸಂಜೆ, ಎಲ್ಲರೂ ಹೋದ ಮೇಲೆ ಬಟನ್ ಒತ್ತಿದಳು. ಸ್ವಿಚ್ಚು ಠಕ್ಕೆಂದು ಬಿತ್ತು. ಎತ್ತಿ, ದೀಪ ಹಚ್ಚಿ, ನೀರಿಗಿಳಿದು ಏಣಿ ಹಿಡಿದಳು. ಏನೂ ಇಲ್ಲ. ಮುಂಗೈ ಹಚ್ಚಿ ನೋಡಿದಳು. ಕೆನ್ನೆ ಹಚ್ಚಿ ನೋಡಿದಳು. ತಣ್ಣನೆಯ ಉಕ್ಕು, ಅಷ್ಟೇ.

"ಛಲೋ ಆತು," ಎಂದು ಬಾಯಿಬಿಟ್ಟು ಹೇಳಿಕೊಂಡಳು. ಕಣ್ಣು ತುಂಬಿ ಬಂತು. ಮೇಲೆ ಬಂದು ಕೊಳದ ದಂಡೆಯ ಮೇಲೆ ಕುಳಿತಳು. ಎಡಗೈಯಿಂದ ತನ್ನ ಬಲಗೈಯನ್ನು ಹಿಡಿದುಕೊಂಡು, ಚಂದ್ರಮತಿ ಉಜ್ಜುತ್ತಿದ್ದ ಹಾಗೆಯೇ ಮೆಲ್ಲಗೆ ಉಜ್ಜತೊಡಗಿದಳು.