ಆಮೋಸ್‌ನ ಎಡಗಾಲು

ರಿವರ್‌ಮೆನ್ ಬಾಸ್ಕೆಟ್‌ಬಾಲ್ ತಂಡದ ಆಟಗಾರರ ಕಾಲು ಹೊರಳದಂತೆ ಪಂದ್ಯಕ್ಕೆ ಮುಂಚೆ ಬಿಗಿಯಾಗಿ ಟೇಪ್ ಸುತ್ತುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಮುಖ ಮರೆತೇನು, ಕಾಲು ಮರೆಯುವುದಿಲ್ಲ. ಆಮೋಸ್ ಲಿಟ್ರೆಲ್‌ನ ಎಡಗಾಲಿನ ಮೇಲೆ ನನಗೆ ಎರಡು ವಾರದಿಂದ ಅನುಮಾನವಿತ್ತು. ಮೂರು-ಮೂರು ಸಮನಾಗಿದ್ದ ಕೊನೆಯ ಸರಣಿಯ ಏಳನೇ ಪಂದ್ಯದ ಭಾನುವಾರ ಮಧ್ಯಾಹ್ನ ಒತ್ತಿಯೇ ನೋಡಿದೆ.

ಪಾದದ ಮೇಲ್ಗಡೆ, ಕಣಕಾಲಿನ ಮುಂದೆ, ಒಂದು ಸಣ್ಣ ಮೂಳೆಯಿದೆ. ಅಲ್ಲಿಗೆ ಹೆಬ್ಬೆರಳು ಇಟ್ಟ ಕೂಡಲೇ ಏಳಡಿ ಎತ್ತರದ ಹುಡುಗ ಉಸಿರು ಬಿಗಿಹಿಡಿದ. ಬಾಯಲ್ಲಿ ಮಾತ್ರ ತಮಾಷೆ.

"ಏನ್ ಮುದುಕಪ್ಪಾ, ಟೇಪ್ ಸುತ್ತು ಅಂದ್ರೆ ಹಿಟ್ಟು ನಾದ್ತಾ ಇದೀಯ?"

"ಬಾಯ್ಮುಚ್ಚು. ಎಷ್ಟ್ ದಿನದಿಂದ ನೋಯ್ತಿದೆ?"

"ಯಾರಿಗೆ ನೋವು?"

ಮತ್ತೆ ಒತ್ತಿದೆ. ಅವನ ಕಣ್ಣಲ್ಲಿ ನೀರು ಬಂತು.

"ಕ್ರಿಸ್‌ಮಸ್‌ನಿಂದ," ಅಂದ. "ಮೇಜಿನ ಮಾತು ಮೇಜಲ್ಲೇ ಇರ್ಲಿ, ಆಯ್ತಾ?"

ಅದು ನಮ್ಮಲ್ಲಿ ನಡೆದುಬಂದ ಕಟ್ಟಳೆ. ಟೇಪ್ ಮೇಜಿನ ಮೇಲೆ ಆಟಗಾರ ಹೇಳಿದ್ದು ಯಾರ ಕಿವಿಗೂ ಹೋಗಬಾರದು. ಹೋದರೆ ಮರುದಿನದಿಂದ ಒಬ್ಬನೂ ತನ್ನ ನೋವು ಹೇಳುವುದಿಲ್ಲ.

ಹಿಂದಿನ ವರ್ಷ ನಮ್ಮ ತಂಡ ಎಂಬತ್ತೆರಡು ಪಂದ್ಯಗಳಲ್ಲಿ ಗೆದ್ದದ್ದು ಹದಿನಾಲ್ಕು. ಬೇಕೆಂದೇ ಸೋತೆವು. ನಮ್ಮ ಪೋರ್ಟ್ ಹ್ಯಾಲೆಟ್ ಊರಿನ ನಾಯಿಗೂ ಅದು ಗೊತ್ತು. ಹೆಚ್ಚು ಸೋತವರಿಗೆ ಲಾಟರಿಯಲ್ಲಿ ಹೆಚ್ಚು ಅವಕಾಶ. ಲಾಟರಿ ಹೊಡೆದವರಿಗೆ ಆ ವರ್ಷದ ಹೊಸ ಹುಡುಗರಲ್ಲಿ ಮೊದಲ ಆಯ್ಕೆ. ನಮಗೆ ಹೊಡೆಯಿತು, ಹತ್ತೊಂಬತ್ತರ ಆಮೋಸ್ ಬಂದ. ಈ ವರ್ಷ ಐವತ್ತೊಂದು ಗೆಲುವು. ಮುಚ್ಚಿದ್ದ ಊಟದಂಗಡಿಗಳು ತೆರೆದವು. ಕ್ಷೌರದಂಗಡಿಗಳಲ್ಲಿ ಅವನ ಚಿತ್ರ ನೇತಾಡಿತು. ಪಾದ್ರಿ ಪ್ರಾರ್ಥನೆಯಲ್ಲಿ ಅವನ ಮೊಣಕಾಲುಗಳಿಗೆ ಆಯುಸ್ಸು ಬೇಡಿದ. ಬೇಡಬೇಕಾದ ಮೂಳೆ ಬೇರೆಯಿತ್ತು.

ಇಂಥದ್ದನ್ನು ನಾನು ಹಿಂದೊಮ್ಮೆ ನೋಡಿದ್ದೆ. ನಾನು ಕೆಲಸಕ್ಕೆ ಸೇರಿದ ವರ್ಷ ಪ್ರೂಯಿಟ್ ಎಂಬವನು ಹೀಗೆಯೇ ಮೊದಲ ಆಯ್ಕೆಯಾಗಿ ಬಂದು, ಬಿದ್ದುಹೋಗಿದ್ದ ತಂಡವನ್ನು ಎತ್ತಿ ನಿಲ್ಲಿಸಿದ. ಅವನಿಗೂ ಇದೇ ಮೂಳೆ. ಕಟ್ಟಳೆ ಎಂದು ನಾನು ಬಾಯಿ ಬಿಡಲಿಲ್ಲ. ಈಗ ಅವನು ಹಾಸಿಗೆ ಮಾರುವ ಅಂಗಡಿಯಲ್ಲಿ ಊರುಗೋಲು ಹಿಡಿದು ನಿಲ್ಲುತ್ತಾನೆ. ಕಟ್ಟಳೆ ಹಾಳಾಗಿ ಹೋಗಲಿ ಎಂದು ಆಮೋಸ್‌ನನ್ನು ಮೇಜಿನ ಮೇಲೆಯೇ ಬಿಟ್ಟು ಮಹಡಿ ಹತ್ತಿದೆ.

ಆಟಗಾರರನ್ನು ಆರಿಸುವ ಮುಖ್ಯಸ್ಥ ಬ್ರಾಂಡ್‌ವೋಲ್ಡ್ ಕೋಟು ಹಾಕಿಕೊಳ್ಳುತ್ತಿದ್ದ.

"ಬಾಸ್, ಆಮೋಸ್ ಇವತ್ತು ಆಡ್ಬಾರ್ದು. ಪಾದದ ಮೂಳೆ ಬಿರುಕು ಬಿಟ್ಟಿದೆ."

"ಎಡಗಾಲಿನದ್ದಾ?" ಅಂದ.

"ಯಾವ ಕಾಲು ಅಂತ ನಾನಿನ್ನೂ ಹೇಳೇ ಇಲ್ವಲ್ಲ."

ಅವನು ಹೋಗಿ ಬಾಗಿಲು ಮುಚ್ಚಿದ.

"ಆರಿಸೋಕ್ ಮುಂಚೆ ಎಕ್ಸ್‌ರೇ ತೆಗ್ಸಿದ್ವಿ, ವರ್ಲನ್. ಕೂದಲೆಳೆಯಷ್ಟು ಗೆರೆ ಇತ್ತು. ಎರಡು ವರ್ಷ ತಡ್ಕೊಳ್ಳುತ್ತೆ ಅಂದ್ರು ಡಾಕ್ಟ್ರು. ನಮ್ಗೆ ಎರಡು ವರ್ಷ ಸಾಕು."

"ಹುಡುಗನಿಗೆ ಹೇಳಿದ್ರಾ?"

"ಹೇಳಿದ್ರೆ ಹೆದ್ರಿಕೊಳ್ತಾನೆ. ಹೆದ್ರಿದೋನು ಜಿಗಿಯಲ್ಲ."

ಬಾಯಿಗೆ ಬಂದಂತೆ ಬೈದೆ. ಅವನು ಕೋಟಿನ ಗುಂಡಿ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡ. "ಆಯ್ತಾ? ಹೋಗಿ ನಿನ್ ಕೆಲ್ಸ ನೋಡು," ಅಂದ.

ಕೆಳಗಿಳಿದು ಬಂದು ಆಮೋಸ್‌ಗೆ ಎಲ್ಲ ಹೇಳಿದೆ. ಅವನು ತನ್ನ ಪಾದವನ್ನೇ ನೋಡುತ್ತ ಕೂತ.

"ಆಯ್ಕೆ ದಿನ ಆ ಬ್ರಾಂಡ್‌ವೋಲ್ಡ್ ನಮ್ಮಮ್ಮನ್ನ ತಬ್ಕೊಂಡು ಅತ್ತಿದ್ದ," ಅಂದ. "ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ನೋಡು ಮಗಾ, ಇವತ್ತು ಆಡ್ಬೇಡ. ಬೇಸಿಗೆ ಪೂರ್ತಿ ಪ್ಲಾಸ್ಟರ್ ಹಾಕಿಸ್ಕೊ. ಹದಿನೈದು ವರ್ಷ ಆಡ್ತೀಯ."

"ಮೇಲೆ ಇಪ್ಪತ್ತು ಸಾವಿರ ಜನ ಬಂದವ್ರೆ. ನಮ್ಮಮ್ಮ ಮೊದಲ ಸಾಲಲ್ಲಿ ಕೂತವ್ಳೆ. ಇವತ್ತು ಸೋತ್ರೆ ಈ ವರ್ಷದ್ದೆಲ್ಲ ಮುಗೀತು. ಇದೊಂದ್ ಆಟ, ಮುದುಕಪ್ಪಾ."

"ಆಗಲ್ಲ. ನಾನು ಸುತ್ತಲ್ಲ."

ಟೇಪಿನ ಸುರುಳಿಯನ್ನು ಗೋಡೆಗೆ ಎಸೆದೆ. ಅವನು ಕುಂಟುತ್ತ ಹೋಗಿ ಎತ್ತಿಕೊಂಡು ಬಂದ. ತಾನೇ ಸುತ್ತಿಕೊಳ್ಳತೊಡಗಿದ.

ಅಯ್ಯೋ, ಅದೆಂಥ ಸುತ್ತುವಿಕೆ! ಹಿಮ್ಮಡಿಯ ಬಳಿ ಸಂದು, ಪಾದದ ಮೇಲೆಲ್ಲ ಸುಕ್ಕು, ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು. ಅಂಥ ಕಾಲಿನಲ್ಲಿ ಹತ್ತು ನಿಮಿಷ ಓಡಿದರೆ ಕಣಕಾಲೂ ಹೊರಳುತ್ತದೆ. ಆಗ ನಾನು ಮಾಡಬೇಕಾಗಿದ್ದದ್ದು ಒಂದೇ: ಕೋಣೆಯಿಂದ ಎದ್ದು ಹೋಗಬೇಕಿತ್ತು. ಆ ಕೆಟ್ಟ ಟೇಪಿನಲ್ಲಿ ಅವನು ಎರಡು ಹೆಜ್ಜೆ ಇಟ್ಟು ನೋವಿಗೆ ಕೂತುಬಿಡುತ್ತಿದ್ದ. ಆದರೆ ಕೆಟ್ಟ ಕೆಲಸವನ್ನು ನೋಡುತ್ತ ನಿಲ್ಲುವುದು ನನ್ನ ಕೈಗೆ ಗೊತ್ತಿಲ್ಲ.

"ಕೊಡು ಇತ್ಲಾಗೆ, ಕತ್ತೆ!"

ಅವನು ಸುತ್ತಿದ್ದನ್ನೆಲ್ಲ ಹರಿದು ಹಾಕಿದೆ. ಹಿಮ್ಮಡಿಗೆ ಎರಡು ಬಿಗಿ, ಪಾದದ ಕೆಳಗಿನಿಂದ ಒಳಗಡೆಗೆ ಎಳೆದು ಮೂರು, ಆ ಮೂಳೆಯ ಸುತ್ತ ದಪ್ಪ ಬಟ್ಟೆಯ ಗೂಡು. ನನ್ನ ಆಯುಷ್ಯದಲ್ಲೇ ಅಷ್ಟು ಚೆನ್ನಾಗಿ ಸುತ್ತಿರಲಿಲ್ಲ.

ಅವನು ಮೆಲ್ಲಗೆ ಕಾಲು ನೆಲಕ್ಕಿಟ್ಟ. ಭಾರ ಬಿಟ್ಟ. ಎಡಗಾಲೊಂದರಲ್ಲೇ ಜಿಗಿದ. ಮತ್ತೆ ಜಿಗಿದ.

"ಮುದುಕಪ್ಪಾ, ನೋವೇ ಇಲ್ಲ! ದೇವರಾಣೆ ಒಂಚೂರೂ ಇಲ್ಲ!"

ಬಿರುಕು ಇದ್ದಲ್ಲೇ ಇತ್ತು. ಅವನನ್ನು ತಡೆದು ನಿಲ್ಲಿಸಬಹುದಾಗಿದ್ದದ್ದು ಆ ನೋವೊಂದೇ. ಅದರ ಬಾಯನ್ನು ನನ್ನ ಕೈಯಾರೆ ಮುಚ್ಚಿಸಿದ್ದೆ. "ಆಮೋಸ್, ನಿಲ್ಲೋ!" ಎಂದು ಕೂಗಿದೆ. ಅವನು ನನ್ನ ಬೋಳುತಲೆಗೆ ಒಂದು ಮುತ್ತು ಕೊಟ್ಟು ಓಡಿಯೇಬಿಟ್ಟ. ಮೇಲಿನಿಂದ ಅವನ ಹೆಸರು ಗುಡುಗಿನಂತೆ ಕೇಳಿಬಂತು.

ನಾನು ಫೋನೆತ್ತಿ ಹೊರಗೇಟಿನ ಆಂಬುಲೆನ್ಸಿನವರನ್ನು ಹಿಡಿದೆ.

"ಸ್ಟ್ರೆಚರ್ ತಗೊಂಡು ಒಳದಾರಿಗೆ ಬನ್ರೋ. ಉದ್ದದ್ದು ತನ್ನಿ."

"ಯಾರಿಗ್ ಏನಾಯ್ತು?" ಆ ಕಡೆಯವನು ಕೇಳಿದ. "ಆಟ ಇನ್ನೂ ಶುರುವೇ ಆಗಿಲ್ವಲ್ಲ?"

"ಇನ್ನೂ ಯಾರಿಗೂ ಏನೂ ಆಗಿಲ್ಲ," ಅಂದೆ. "ನೀವು ಬಂದು ನಿಂತ್ಕೊಳ್ಳಿ."